ಮಟ್ಟುವಿನಲ್ಲೊಂದು ಪ್ರಾಜೆಕ್ಟ್: ಪ್ರಶ್ನೆ ಹುಡುಕುವುದರಿಂದ ವರದಿ ಬರೆಯುವವರೆಗೆ

ಮಟ್ಟು ಗುಳ್ಳದ ಬಗ್ಗೆ ಉಡುಪಿ ಸೀಮೆಯಲ್ಲಿ ಮೂರು ಮಾತು ಎಲ್ಲರ ಬಾಯಲ್ಲೂ ಇವೆ. ಅದು ಬೇಗ ಬೇಯುತ್ತದೆ. ಬೆಂದ ಮೇಲೆ ಹುಳಿಯಲ್ಲಿ ಕರಗಿಯೇ ಹೋಗುತ್ತದೆ. ಅದೇ ಬೀಜ ಬೇರೆ ಊರಿನ ಮಣ್ಣಿಗೆ ಬಿದ್ದರೆ ಆ ರುಚಿ ಬರುವುದಿಲ್ಲ. ಈ ಮೂರನ್ನೂ ಎಂಟನೇ ತರಗತಿಯ ಒಬ್ಬ ಹುಡುಗಿ ತಾನೇ ಪರೀಕ್ಷಿಸಿ ನೋಡಬಹುದು. ಮೊದಲ ಎರಡಕ್ಕೆ ಬೇಕಾದದ್ದು ಒಂದು ಗಡಿಯಾರ, ಒಂದು ತಕ್ಕಡಿ, ಎರಡು ಪಾತ್ರೆ ಮತ್ತು ಒಂದು ನೋಟ್ ಪುಸ್ತಕ.

ಆದರೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರು ಎಂದ ಕೂಡಲೇ ಹೆಚ್ಚಿನ ಮನೆಗಳಲ್ಲಿ ನಡೆಯುವುದೇ ಬೇರೆ. ಅಪ್ಪ ಸ್ಟೇಷನರಿ ಅಂಗಡಿಗೆ ಹೋಗಿ ಥರ್ಮೊಕೋಲ್, ಬಣ್ಣದ ಹಾಳೆ, ಸ್ಕೆಚ್ ಪೆನ್ನು ತರುತ್ತಾರೆ. ಅಕ್ಕ ಮೊಬೈಲಿನಲ್ಲಿ ಹುಡುಕಿ ಹತ್ತು ಪುಟ ಪ್ರಿಂಟ್ ತೆಗೆಸುತ್ತಾಳೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಜ್ವಾಲಾಮುಖಿ ಉಕ್ಕಿಸುತ್ತಾರೆ. ಅದು ಉಕ್ಕುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ಮಗು ಹೊಸದಾಗಿ ಕಂಡುಕೊಂಡದ್ದು ಅದರಲ್ಲಿ ಏನೂ ಇರುವುದಿಲ್ಲ. ಒಂದು ಕಿರು ಸಂಶೋಧನೆ ಮಗುವಿಗೆ ಕೊಡಬೇಕಾದ ಅನುಭವ ಒಂದೇ: ಈ ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ, ನಾನು ಅಳೆದದ್ದರಿಂದ, ನಾನು ಕೇಳಿದ್ದರಿಂದ ಸಿಕ್ಕಿತು. ಅಂಥ ಉತ್ತರ ದೂರದಲ್ಲಿ ಸಿಗುವುದಿಲ್ಲ. ಸೈಕಲ್ ತುಳಿದು ಹೋಗಿಬರುವಷ್ಟು ಹತ್ತಿರದಲ್ಲೇ ಸಿಗುತ್ತದೆ. ಕಟಪಾಡಿಯಿಂದ ಪಡುವಣಕ್ಕೆ ಇಳಿದರೆ ಸಿಗುವ ಮಟ್ಟುವಿನಲ್ಲಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಗದ್ದೆ, ತೆಂಗು, ಬದನೆ ಇವೆ. ಎಲ್ಲ ವಿಷಯಗಳ ಪ್ರಶ್ನೆಗಳೂ ಅಲ್ಲೇ ಇವೆ. ಈ ಲೇಖನದ ಉದಾಹರಣೆಗಳು ಮಟ್ಟುವಿನ ಸುತ್ತಲಿನವು. ನಿಮ್ಮ ಊರು ಬೈಂದೂರೇ ಆಗಿರಲಿ, ಬೀದರೇ ಆಗಿರಲಿ, ವಿಧಾನ ಅದೇ.

ಪ್ರಶ್ನೆ ಚಿಕ್ಕದಾಗಲಿ

'ಜಲ ಮಾಲಿನ್ಯ' ಎಂಬುದು ಒಂದು ವಿಷಯ. ಅದನ್ನು ಹಿಡಿದು ಹೊರಟರೆ ಕೊನೆಗೆ ಉಳಿಯುವುದು ಪ್ರಬಂಧ. 'ಹೊಳೆಯಿಂದ ದೂರ ಹೋದಂತೆ ಮಟ್ಟುವಿನ ಬಾವಿಗಳ ಉಪ್ಪು ಕಡಿಮೆಯಾಗುತ್ತದೆಯೇ, ಡಿಸೆಂಬರಿನಿಂದ ಜನವರಿ ಕೊನೆಯವರೆಗೆ ಅದು ಹೇಗೆ ಬದಲಾಗುತ್ತದೆ' ಎಂಬುದು ಪ್ರಶ್ನೆ. ಅದರಲ್ಲಿ ಜಾಗ ಇದೆ, ಕಾಲ ಇದೆ, ಅಳೆಯಬೇಕಾದ ವಸ್ತು ಇದೆ. ಹೌದು ಎಂದೂ ಉತ್ತರ ಬರಬಹುದು, ಇಲ್ಲ ಎಂದೂ ಬರಬಹುದು. ಯಾವ ಉತ್ತರ ಬರುತ್ತದೆಂದು ಮೊದಲೇ ಖಾತ್ರಿಯಿದ್ದರೆ ಆ ಪ್ರಶ್ನೆಯನ್ನು ಬಿಟ್ಟುಬಿಡಿ.

ಪ್ರಶ್ನೆ ಸಿಕ್ಕ ಮೇಲೆ ಮೂರು ಮಾತು ಕೇಳಿಕೊಳ್ಳಿ. ಇದನ್ನು ಅಳೆಯುವ ಸಾಧನ ನನ್ನ ಬಳಿ ಇದೆಯೇ, ಇಲ್ಲವೇ ಶಾಲೆಯ ಪ್ರಯೋಗಾಲಯದಲ್ಲಿ ಸಿಗುತ್ತದೆಯೇ? ಪರೀಕ್ಷೆಗೆ ಮೊದಲು ಮುಗಿಯುತ್ತದೆಯೇ? ಯಾರಿಗಾದರೂ ತೊಂದರೆಯಾಗುತ್ತದೆಯೇ, ನನಗೆ ಅಪಾಯವಿದೆಯೇ? ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಟಿ ಅಮಾವಾಸ್ಯೆಯ ಪಾಲೆ ಕೆತ್ತೆ ಕಷಾಯದ ಬಗ್ಗೆ ಪ್ರಾಜೆಕ್ಟ್ ಮಾಡಲು ಮಕ್ಕಳಿಗೆ ಬಹಳ ಆಸೆ. ಹಿರಿಯರನ್ನು ಕೇಳಿ ಬರೆದುಕೊಳ್ಳಿ, ಚಿತ್ರ ತೆಗೆಯಿರಿ. ತೊಗಟೆ ಕೆತ್ತಿ ತಂದು ಕುಡಿದು ನೋಡುವ ಪ್ರಯೋಗ ಮಾತ್ರ ಬೇಡ. ಪಾಲೆಯೆಂದು ತಿಳಿದು ವಿಷದ ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ.

ಗುಳ್ಳದ ಪ್ರಯೋಗ

ಈಗ ಗುಳ್ಳಕ್ಕೆ ಬರೋಣ. ತಿಳಿ ಹಸಿರು ಬಣ್ಣ, ಮೈಮೇಲೆ ಬಿಳಿ ಗೆರೆ, ಗುಂಡಗಿನ ಆಕಾರ, ತೊಟ್ಟಿನಲ್ಲಿ ಮುಳ್ಳು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಈ ವಸ್ತುವಿನ ಗುಣ ಈ ನೆಲಕ್ಕೆ ಸೇರಿದ್ದು ಎಂಬುದೇ ಜಿಐ ಮಾನ್ಯತೆಯ ಆಧಾರ. ಹಾಗಾದರೆ ಆ ಗುಣ ಯಾವುದು, ಅದನ್ನು ಅಳೆದು ತೋರಿಸಲು ಬರುತ್ತದೆಯೇ? ಇಷ್ಟು ಸಾಕು, ಒಂದು ತಂಡಕ್ಕೆ ವರ್ಷಪೂರ್ತಿ ಕೆಲಸ ಸಿಕ್ಕಿತು.

ಎಲ್ಲಕ್ಕಿಂತ ಸುಲಭದ್ದು ಬೇಯುವ ಹೊತ್ತಿನ ಪ್ರಯೋಗ. ಮಟ್ಟು ಗುಳ್ಳ ಒಂದು, ಸಂತೆಯ ನೇರಳೆ ಬದನೆ ಒಂದು ತೆಗೆದುಕೊಳ್ಳಿ. ಎರಡರಿಂದಲೂ ಒಂದೇ ಗಾತ್ರದ ತುಂಡು ಮಾಡಿ, 100 ಗ್ರಾಂ ತೂಗಿ, ಒಂದೇ ಬಗೆಯ ಪಾತ್ರೆಗಳಲ್ಲಿ ಅರ್ಧರ್ಧ ಲೀಟರ್ ಕುದಿಯುವ ನೀರಿಗೆ ಹಾಕಿ. ಪ್ರತಿ ನಿಮಿಷಕ್ಕೊಮ್ಮೆ ಒಂದು ಹಿಡಿಕಡ್ಡಿ ಚುಚ್ಚಿ, ತಡೆಯಿಲ್ಲದೆ ಇಳಿದ ಹೊತ್ತನ್ನು ಬರೆದುಕೊಳ್ಳಿ. ಒಂದು ಸಲ ಮಾಡಿ ನಿಲ್ಲಿಸಬೇಡಿ. ಒಂದು ಕಾಯಿ ಎಳೆಯದು, ಇನ್ನೊಂದು ಬಲಿತದ್ದು ಇರಬಹುದು. ಬೇರೆ ಬೇರೆ ದಿನ, ಬೇರೆ ಬೇರೆ ಕಾಯಿಗಳಲ್ಲಿ ಕನಿಷ್ಠ ಐದು ಸಲವಾದರೂ ಮಾಡಿದರೆ ಸರಾಸರಿಗೆ ಬೆಲೆ ಬರುತ್ತದೆ. ಒಲೆಯ ಹತ್ತಿರ ದೊಡ್ಡವರೊಬ್ಬರು ಇರಲೇಬೇಕು.

ಹೆಚ್ಚಿಟ್ಟ ಬದನೆ ಕಪ್ಪಾಗುವುದು ಇನ್ನೊಂದು ಪ್ರಶ್ನೆ. ಬದನೆಯಲ್ಲಿರುವ ಫೀನಾಲ್ ಸಂಯುಕ್ತಗಳು ಗಾಳಿಯ ಆಮ್ಲಜನಕದೊಡನೆ ಸೇರುವಂತೆ ಒಂದು ಕಿಣ್ವ ಮಾಡುತ್ತದೆ, ಆಗ ಕಂದು ಬಣ್ಣ ಬರುತ್ತದೆ. ಎರಡೂ ಬದನೆಗಳ ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆಗಳನ್ನು ಬರೀ ತಟ್ಟೆಯಲ್ಲಿ, ನೀರಿನಲ್ಲಿ, ಲೀಟರಿಗೆ 20 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ, ಲಿಂಬೆ ಹಿಂಡಿದ ನೀರಿನಲ್ಲಿ ಇಡಿ. ಶುರುವಿನಲ್ಲಿ ಒಂದು, ಕಾಲು ಗಂಟೆಗೆ, ಅರ್ಧ ಗಂಟೆಗೆ, ಒಂದು ಗಂಟೆಗೆ ಒಂದೊಂದು ಫೋಟೊ, ಎಲ್ಲವೂ ಒಂದೇ ಬೆಳಕಿನಲ್ಲಿ. ಒಬ್ಬರು ಬಣ್ಣಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡಲಿ. ಅಂಕ ಕೊಡುವವರಿಗೆ ಯಾವ ತಟ್ಟೆಯಲ್ಲಿ ಯಾವ ಬದನೆ ಇದೆ ಎಂದು ತಿಳಿಯಬಾರದು. ತಟ್ಟೆಗಳಿಗೆ ಅ, ಆ, ಇ, ಈ ಎಂದು ಚೀಟಿ ಅಂಟಿಸಿ, ಗುಟ್ಟಿನ ಪಟ್ಟಿಯನ್ನು ಬೇರೊಬ್ಬರ ಕೈಯಲ್ಲಿಡಿ. ತನ್ನ ಊರಿನ ಕಾಯಿಯೇ ಗೆಲ್ಲಲಿ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಆ ಆಸೆ ಅಂಕದೊಳಗೆ ನುಸುಳದಂತೆ ನೋಡಿಕೊಳ್ಳಲು ಇದೊಂದೇ ದಾರಿ.

ರುಚಿಯನ್ನೂ ಪರೀಕ್ಷಿಸಬಹುದು. ಆಹಾರ ವಿಜ್ಞಾನದವರು ಮಾಡುವ ಒಂದು ಸರಳ ವಿಧಾನವಿದೆ. ಪ್ರತಿಯೊಬ್ಬರ ಮುಂದೆ ಮೂರು ಬಟ್ಟಲು ಇಡುತ್ತಾರೆ. ಎರಡರಲ್ಲಿ ಒಂದೇ ಪದಾರ್ಥ, ಒಂದರಲ್ಲಿ ಬೇರೆ. ಬೇರೆಯಾದದ್ದು ಯಾವುದೆಂದು ಹೇಳಬೇಕು. ಏನೂ ಗೊತ್ತಾಗದೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಹಾಗಾಗಿ ಹನ್ನೆರಡು ಮಂದಿಯಲ್ಲಿ ನಾಲ್ವರು ಸರಿ ಹೇಳಿದರೆ ಅದರಿಂದ ಏನೂ ತಿಳಿಯಲಿಲ್ಲ ಎಂದೇ ಅರ್ಥ. ಎಂಟು ಅಥವಾ ಹೆಚ್ಚು ಮಂದಿ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜಕ್ಕೂ ನಾಲಗೆಗೆ ತಿಳಿಯುತ್ತಿದೆ ಎನ್ನಬಹುದು. ಎಂಟೇ ಏಕೆ ಎಂದು ಲೆಕ್ಕ ಹಾಕುವುದು ಗಣಿತದ ಮೇಷ್ಟ್ರಿಗೆ ಸಂಭವನೀಯತೆಯ ಪಾಠಕ್ಕೆ ಸಿಕ್ಕ ಒಳ್ಳೆಯ ಉದಾಹರಣೆ.

ಮಣ್ಣಿನ ಮಾತು ಕಷ್ಟದ್ದು, ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಒಬ್ಬರೇ ಬೆಳೆಗಾರರಿಂದ, ಸಾಧ್ಯವಾದರೆ ಒಂದೇ ಹಣ್ಣಿನಿಂದ ಬೀಜ ಪಡೆಯಿರಿ. ತಳಕ್ಕೆ ತೂತು ಕೊರೆದ ಹತ್ತು ಪೈಂಟ್ ಬಕೆಟ್ ಹೊಂದಿಸಿ. ಐದಕ್ಕೆ ಮಟ್ಟುವಿನ ಮರಳು ಮಣ್ಣು, ಐದಕ್ಕೆ ಮಣಿಪಾಲದ ಗುಡ್ಡದ ಕೆಂಪು ಮಣ್ಣು. ಒಂದೇ ಗೊಬ್ಬರ, ಒಂದೇ ಅಳತೆಯ ನೀರು. ಬಿಸಿಲು ಒಂದು ಮೂಲೆಗೆ ಹೆಚ್ಚು ಬೀಳುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಬಕೆಟ್‌ಗಳ ಜಾಗ ಅದಲುಬದಲು ಮಾಡಬೇಕು. ಎತ್ತರ, ಎಲೆಗಳ ಸಂಖ್ಯೆ, ಮೊದಲ ಹೂ ಬಂದ ದಿನ, ಕಾಯಿಯ ತೂಕ ಬರೆದುಕೊಳ್ಳುತ್ತ ಹೋಗಿ. ಗಿಡ ಸಾಯಬಹುದು. ಬದನೆಗೆ ಸೊರಗು ರೋಗ ಬರುತ್ತದೆ, ಕುಡಿ ಮತ್ತು ಕಾಯಿ ಕೊರೆಯುವ ಹುಳ ಬರುತ್ತದೆ. ಐದರಲ್ಲಿ ಎರಡು ಗಿಡ ಸೊರಗಿದರೆ ಅದನ್ನೂ ದಿನಾಂಕ ಹಾಕಿ ಬರೆಯಿರಿ, ಬೇರೆ ಗಿಡ ತಂದು ನೆಟ್ಟು ಮುಚ್ಚಿಡಬೇಡಿ. ಅನುಮಾನ ಬಂದರೆ ಕೇಳಲು ಬ್ರಹ್ಮಾವರದಲ್ಲಿ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ. ಶಾಲೆಯ ಮೂಲಕ ಪತ್ರ ಬರೆದು ಹೋಗುವುದು ಲೇಸು.

ಇದೇ ಗುಳ್ಳ ಸಮಾಜ ವಿಜ್ಞಾನಕ್ಕೂ ಆಗುತ್ತದೆ. ಬೆಳೆಗಾರರಿಗೆ ಸಿಕ್ಕ ದರ, ಉಡುಪಿಯ ಅಂಗಡಿಯ ದರ, ಮಣಿಪಾಲದ ಅಂಗಡಿಯ ದರ ಈ ಮೂರನ್ನು ಪ್ರತಿ ಶನಿವಾರ ಬರೆದು ನಕ್ಷೆ ಎಳೆದರೆ ಒಂದು ಕಾಯಿ ಗದ್ದೆಯಿಂದ ತಟ್ಟೆಗೆ ಬರುವಷ್ಟರಲ್ಲಿ ಬೆಲೆ ಹೇಗೆ ಏರುತ್ತದೆಂದು ಕಾಣುತ್ತದೆ. ಉಡುಪಿ ಕೃಷ್ಣನ ಪೂಜೆಯ ಸರದಿ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಹೊತ್ತಿನಲ್ಲಿ ಆ ಗೆರೆ ಹೇಗಿರುತ್ತದೆ? ಬೆಲೆ ಮಾತ್ರ ಕೇಳಿ. ಯಾರ ಆದಾಯವನ್ನೂ, ಸಾಲವನ್ನೂ ಕೇಳಲು ಹೋಗಬೇಡಿ.

ಹತ್ತನೇ ತರಗತಿಯವರಿಗೆ ಇನ್ನೂ ಗಟ್ಟಿ ಕೆಲಸವಿದೆ. ಕುಲಾಂತರಿ ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿ ಒಪ್ಪಿಗೆ ಕೊಟ್ಟಿತು. ದೇಶದಾದ್ಯಂತ ಸಾರ್ವಜನಿಕ ಸಭೆಗಳು ನಡೆದ ಮೇಲೆ, 2010ರ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿಗಾಗಿ ಆರಿಸಿದ್ದ ತಳಿಗಳಲ್ಲಿ ಉಡುಪಿ ಗುಳ್ಳವೂ ಒಂದು. ಆ ದಿನಗಳಲ್ಲಿ ಇಲ್ಲಿನ ಬೆಳೆಗಾರರು ಏನು ಯೋಚಿಸಿದರು, ಪತ್ರಿಕೆಗಳು ಏನು ಬರೆದವು? ಹಳೆಯ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಕೂತು ತಿರುವಿ, ಬದುಕಿರುವವರನ್ನು ಕೇಳಿ, ಎರಡೂ ಪಕ್ಷದ ವಾದಗಳನ್ನು ಪಕ್ಕಪಕ್ಕಕ್ಕಿಟ್ಟು ಬರೆಯಬಹುದು.

ಬಾವಿ ಮತ್ತು ಕಡಲು

ಉಪ್ಪಿನ ಬಾವಿಯ ಪ್ರಶ್ನೆಗೆ ಬೇಕಾದ ಸಾಧನ ನೀರಿನಲ್ಲಿ ಕರಗಿದ ಘನವಸ್ತುವನ್ನು ತೋರಿಸುವ ಟಿಡಿಎಸ್ ಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಶಾಲೆಗೊಂದಿದ್ದರೆ ಸಾಕು. ತಂದ ದಿನವೇ ಅದನ್ನು ನಂಬಬೇಡಿ. ಒಂದು ಲೀಟರ್ ಶುದ್ಧ ನೀರಿಗೆ ಅರ್ಧ ಗ್ರಾಂ, ಒಂದು ಗ್ರಾಂ, ಎರಡು ಗ್ರಾಂ ಉಪ್ಪನ್ನು ಬೇರೆ ಬೇರೆಯಾಗಿ ಕರಗಿಸಿ ಮೀಟರ್ ಏನು ತೋರಿಸುತ್ತದೆಂದು ಒಂದು ನಕ್ಷೆ ಮಾಡಿ. ಮುಂದಿನ ಎಲ್ಲ ಅಳತೆಗೂ ಆ ನಕ್ಷೆಯೇ ಆಧಾರ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 2000ದವರೆಗೆ ನಡೆಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ.

ಹೊಳೆಯಿಂದ ಬೇರೆ ಬೇರೆ ದೂರದಲ್ಲಿರುವ ಎಂಟು ಹತ್ತು ಬಾವಿ ಆರಿಸಿ. ಮನೆಯವರ ಒಪ್ಪಿಗೆ ಮೊದಲು. ಹದಿನೈದು ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ನೀರು ತೆಗೆಯಿರಿ. ಪಂಪ್ ಓಡಿದ ಮೇಲೆ ತೆಗೆದ ನೀರಿಗೂ, ರಾತ್ರಿಯಿಡೀ ನಿಂತ ನೀರಿಗೂ ವ್ಯತ್ಯಾಸ ಬರಬಹುದು, ಯಾವುದೆಂದು ಬರೆಯಿರಿ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರು, ಆದ್ದರಿಂದ ತಿಥಿಯನ್ನೂ ಬರೆಯಿರಿ. ಹತ್ತಿರದಲ್ಲಿ ಕಿಂಡಿ ಅಣೆಕಟ್ಟು ಇದ್ದರೆ ಹಲಗೆ ಹಾಕಿದ ದಿನ, ತೆಗೆದ ದಿನ ಕೇಳಿಕೊಳ್ಳಿ. ಒಂದು ಎಚ್ಚರಿಕೆ: ವರದಿಯಲ್ಲಿ ಬಾವಿಗೆ ಸಂಖ್ಯೆ ಕೊಡಿ, ಮನೆಯವರ ಹೆಸರು ಬೇಡ. 'ಇವರ ಬಾವಿ ಉಪ್ಪು' ಎಂದು ಗೋಡೆಗೆ ಅಂಟಿಸಿದರೆ ಮರುವರ್ಷ ಯಾರೂ ಗೇಟು ತೆಗೆಯುವುದಿಲ್ಲ. ಅಳತೆಯ ಚೀಟಿಯನ್ನು ಆ ಮನೆಗೆ ತಲುಪಿಸುವುದನ್ನು ಮರೆಯಬೇಡಿ.

ಭೂಗೋಳಕ್ಕೆ ಕಡಲ ದಡ ಇದೆ. ಕಡಲ್ಕೊರೆತದ ಬಗ್ಗೆ ಕರಾವಳಿಯ ಮಕ್ಕಳು ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ. ದಡವನ್ನು ಅಳೆದವರು ಮಾತ್ರ ವಿರಳ. ಅಳೆಯುವುದು ಕಷ್ಟವೇನಲ್ಲ. ಕೆ. ಒ. ಎಮೆರಿ ಎಂಬ ಸಾಗರ ವಿಜ್ಞಾನಿ 1961ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಎರಡು ಕೋಲು, ಒಂದು ಹಗ್ಗ ಸಾಕು. ಒಂದೂವರೆ ಮೀಟರಿನ ಎರಡು ಕೋಲು ತೆಗೆದುಕೊಂಡು, ಮೇಲಿನ ತುದಿಯಿಂದ ಕೆಳಕ್ಕೆ ಸೆಂಟಿಮೀಟರ್ ಗುರುತು ಹಾಕಿ. ಎರಡರ ನಡುವೆ ಒಂದೂವರೆ ಮೀಟರ್ ಹಗ್ಗ ಕಟ್ಟಿ. ದಡದ ಮೇಲೆ ಎಂದೂ ಕದಲದ ಒಂದು ಗುರುತಿನಿಂದ, ಅಂದರೆ ಕಟ್ಟೆಯ ಮೂಲೆಯಿಂದಲೋ ಕಂಪೌಂಡ್ ಗೋಡೆಯಿಂದಲೋ, ಕಡಲಿನತ್ತ ಹಗ್ಗ ಬಿಗಿಯಾಗುವಷ್ಟು ದೂರಕ್ಕೆ ಹೋಗಿ ಎರಡನೇ ಕೋಲು ನೇರ ನಿಲ್ಲಿಸಿ. ಹಿಂದಿನ ಕೋಲಿನ ಪಕ್ಕ ನಿಂತವರು ಮುಂದಿನ ಕೋಲಿನ ತುದಿ ಮತ್ತು ದಿಗಂತ ಒಂದೇ ಗೆರೆಗೆ ಬರುವಂತೆ ಕಣ್ಣು ಇಳಿಸಬೇಕು. ಆ ಗೆರೆ ತಮ್ಮ ಕೋಲಿನಲ್ಲಿ ಎಲ್ಲಿ ಹಾದುಹೋಗುತ್ತದೋ ಅಷ್ಟು ಸೆಂಟಿಮೀಟರ್ ಮರಳು ಇಳಿದಿದೆ. ಮರಳು ಏರಿದ್ದರೆ ಹಿಂದಿನ ಕೋಲಿನ ತುದಿಯಿಂದ ದಿಗಂತ ನೋಡಿ, ಮುಂದಿನ ಕೋಲಿನ ಗುರುತು ಓದಬೇಕು. ಹೀಗೆ ಒಂದೊಂದೇ ಹೆಜ್ಜೆ ಮುಂದುವರಿದು ಒದ್ದೆ ಮರಳಿನವರೆಗೆ ಹೋಗಿ ನಿಲ್ಲಿಸಿ. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ಸೇರಿಸಿದರೆ ದಡದ ಆಕಾರ ಸಿಗುತ್ತದೆ. ತಿಂಗಳಿಗೊಮ್ಮೆ, ಇಳಿತದ ಹೊತ್ತಿನಲ್ಲಿ, ಅದೇ ಗುರುತಿನಿಂದ ಅಳೆಯುತ್ತ ಹೋದರೆ ಮಳೆಗಾಲ ಒಯ್ದ ಮರಳನ್ನು ಕಡಲು ಎಷ್ಟು ಹಿಂದಕ್ಕೆ ತಂದಿತು ಎಂದು ಗೆರೆಗಳೇ ಹೇಳುತ್ತವೆ. ಅಕ್ಟೋಬರಿನಿಂದ ಶುರು ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ದಡದಲ್ಲಿ ಕೆಲಸ ಬೇಡವೇ ಬೇಡ. ಉಳಿದ ತಿಂಗಳಲ್ಲೂ ಶಿಕ್ಷಕರಿಲ್ಲದೆ ಹೋಗಬಾರದು, ನೀರಿಗೆ ಇಳಿಯಬಾರದು.

ಗಣಿತಕ್ಕೆ ಏನು ಮಾಡುವುದು?

ಗಣಿತದ ಪ್ರಾಜೆಕ್ಟ್ ಎಂದರೆ ಪೈಥಾಗೊರಸ್ ಪ್ರಮೇಯದ ಬಣ್ಣದ ಚಾರ್ಟ್ ಎಂದೇ ಆಗಿಬಿಟ್ಟಿದೆ. ಮಳೆ ಬೀಳುವ ಈ ನಾಡಿನಲ್ಲಿ ಅದಕ್ಕಿಂತ ಒಳ್ಳೆಯ ಗಣಿತ ಮಾಡಿನಿಂದಲೇ ಇಳಿಯುತ್ತದೆ. ನೆಟ್ಟಗಿನ ಬದಿಯ ಒಂದು ಡಬ್ಬಿಯನ್ನು ತೆರೆದ ಅಂಗಳದಲ್ಲಿಟ್ಟು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆಯಿರಿ, ಹವಾಮಾನ ಇಲಾಖೆ ಅಳೆಯುವುದೂ ಆ ಹೊತ್ತಿಗೇ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಅದು ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ, 204.4 ದಾಟಿದರೆ ಅತ್ಯಂತ ಭಾರೀ ಮಳೆ. ನಮ್ಮಲ್ಲಿ ಅಂಥ ದಿನಗಳು ಬರುತ್ತವೆ, ಆದ್ದರಿಂದ ಡಬ್ಬಿ ಒಂದು ಅಡಿಯಾದರೂ ಎತ್ತರವಿರಲಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರ್ ಮಾಡಿನ ಮೇಲೆ 100 ಮಿಲಿಮೀಟರ್ ಬಿದ್ದ ದಿನ 5000 ಲೀಟರ್. ನಿಮ್ಮ ಶಾಲೆಯ ಮಾಡು ಎಷ್ಟು, ಜೂನ್ ಒಂದೇ ತಿಂಗಳಲ್ಲಿ ಎಷ್ಟು ನೀರು ಹರಿದುಹೋಯಿತು, ಮೇ ತಿಂಗಳಲ್ಲಿ ಟ್ಯಾಂಕರಿನಲ್ಲಿ ಎಷ್ಟು ತರಿಸಿದರು? ಈ ಮೂರು ಅಂಕಿಗಳನ್ನು ಒಂದೇ ಪುಟದಲ್ಲಿಟ್ಟು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ತೋರಿಸಬಹುದು.

ನೆರಳಿನಿಂದ ಅಕ್ಷಾಂಶ ಕಂಡುಹಿಡಿಯುವುದೂ ಚೆನ್ನ. ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯ ಸಮಭಾಜಕ ವೃತ್ತದ ನೇರಕ್ಕಿರುತ್ತಾನೆ. ಆ ದಿನ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ 12 ಗಂಟೆಯಿಂದ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಿ. ಭಾರತೀಯ ಕಾಲಮಾನದ ರೇಖೆಯಿಂದ ನಾವು ಪಶ್ಚಿಮಕ್ಕಿರುವುದರಿಂದ ಅತಿ ಚಿಕ್ಕ ನೆರಳು ಹನ್ನೆರಡಕ್ಕೆ ಬರುವುದಿಲ್ಲ, 12.20 ದಾಟಿದ ಮೇಲೆ ಬರುತ್ತದೆ. ಅದರ ಉದ್ದ 23–24 ಸೆಂಟಿಮೀಟರ್ ಇದ್ದರೆ ನಿಮ್ಮ ಅಳತೆ ಸರಿಯಾಗಿದೆ, ಏಕೆಂದರೆ ಮಟ್ಟುವಿನ ಅಕ್ಷಾಂಶ ಸುಮಾರು 13.3 ಡಿಗ್ರಿ. ಬೀದರ್ ಕಡೆಯ ಶಾಲೆಯೊಂದು ಅದೇ ದಿನ ಅಳೆದು ಫೋನಿನಲ್ಲಿ ಹೇಳಿದರೆ ಎರಡು ಅಳತೆ ಸೇರಿಸಿ ಭೂಮಿಯ ಸುತ್ತಳತೆಯನ್ನೇ ಅಂದಾಜು ಮಾಡಬಹುದು. ಎರಟೋಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಮಾಡಿದ್ದು ಇದನ್ನೇ.

ಕಾರ್ಕಳದ ಗೊಮ್ಮಟನ ಎತ್ತರ 42 ಅಡಿ, ಸ್ಥಾಪನೆ 1432ರಲ್ಲಿ. ಪ್ರವಾಸಕ್ಕೆ ಹೋಗುವ ಹತ್ತನೇ ತರಗತಿಯವರು ಕೋನಮಾಪಕ, ಸ್ಟ್ರಾ, ದಾರ, ಒಂದು ಕಲ್ಲು ಸೇರಿಸಿ ಮಾಡಿದ ಸಾಧನದಿಂದ ಆ ಎತ್ತರವನ್ನು ತಾವೇ ಲೆಕ್ಕ ಹಾಕಿ, ಎಷ್ಟು ತಪ್ಪಿತು, ಏಕೆ ತಪ್ಪಿತು ಎಂದು ಬರೆಯಲಿ. 1901ರ ಕಾಪು ದೀಪಸ್ತಂಭಕ್ಕೂ ಇದನ್ನೇ ಮಾಡಬಹುದು.

ಪರ್ಯಾಯದಲ್ಲೂ ಒಂದು ಪುಟ್ಟ ಗಣಿತವಿದೆ. ಅಷ್ಟಮಠಗಳಿಗೆ ಎರಡೆರಡು ವರ್ಷದಂತೆ 16 ವರ್ಷಕ್ಕೊಂದು ಸುತ್ತು. ಎರಡು ವರ್ಷದ ಕ್ರಮ 1522ರಲ್ಲಿ ಆರಂಭವಾಯಿತು ಎಂಬ ಎಣಿಕೆಯಿಂದ ಹೊರಟರೆ 2018ರಲ್ಲಿ ಪಲಿಮಾರು ಮಠದಿಂದ ಶುರುವಾದದ್ದು ಎಷ್ಟನೇ ಸುತ್ತು? 2038ರಲ್ಲಿ ಸರದಿ ಯಾರದು? ಮಠಗಳ ಸರದಿಯ ಕ್ರಮ ಕೇಳಿಕೊಂಡರೆ ಆರನೇ ತರಗತಿಯವರು ಶೇಷ ತೆಗೆದು ಹೇಳಬಲ್ಲರು.

ಕೇಳಿ ಬರೆಯುವ ಪ್ರಾಜೆಕ್ಟುಗಳು

ಅಳೆಯುವುದಕ್ಕಿಂತ ಕೇಳುವುದು ಕಷ್ಟ. ಗುಳ್ಳದ ಬೀಜವನ್ನು ಸೋದೆ ಮಠದ ವಾದಿರಾಜರು ಮಟ್ಟುವಿನವರಿಗೆ ಕೊಟ್ಟರು ಎಂಬುದು ಊರಿನ ನಂಬಿಕೆ. ಇದನ್ನು ವರದಿಯಲ್ಲಿ ಹೇಗೆ ಬರೆಯಬೇಕು? 'ಹೀಗೆ ಹೇಳುತ್ತಾರೆ' ಎಂದು, ಯಾರು ಹೇಳಿದರು, ಅವರ ವಯಸ್ಸೆಷ್ಟು, ಯಾವ ದಿನ ಹೇಳಿದರು ಎಂಬುದರೊಂದಿಗೆ ಬರೆಯಬೇಕು. ಬೇರೆ ಬೇರೆ ಮನೆಯವರು ಈ ಕಥೆಯನ್ನು ಬೇರೆ ಬೇರೆ ರೀತಿ ಹೇಳಿದರೆ ಎಲ್ಲವನ್ನೂ ಬರೆದುಕೊಳ್ಳಿ, ಒಂದನ್ನೇ ಉಳಿಸಿಕೊಂಡು ಬೇರೆಯದನ್ನು ಬಿಸಾಡಬೇಡಿ. ನಂಬಿಕೆಯನ್ನು ಗೌರವಿಸುವುದಕ್ಕೂ, ಅದನ್ನು ದಾಖಲೆಯಿಂದ ಬೇರೆಯಾಗಿ ತೋರಿಸುವುದಕ್ಕೂ ವಿರೋಧವಿಲ್ಲ.

ಇತ್ತೀಚಿನ ಇತಿಹಾಸವೂ ಇತಿಹಾಸವೇ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ದೊಡ್ಡ ನೆರೆ ಬಂತು. ನೀರು ಎಲ್ಲಿವರೆಗೆ ಬಂದಿತ್ತೆಂದು ಜನರಿಗೆ ಇನ್ನೂ ಚೆನ್ನಾಗಿ ನೆನಪಿದೆ. ಮನೆ ಮನೆಗೆ ಹೋಗಿ ಗೋಡೆಯ ಮೇಲೆ ಅವರು ತೋರಿಸಿದ ಎತ್ತರವನ್ನು ಟೇಪಿನಲ್ಲಿ ಅಳೆದು, ನಕ್ಷೆಯಲ್ಲಿ ಗುರುತಿಸಿ. ಒಂದೇ ಓಣಿಯ ಎರಡು ಮನೆಯವರ ನೆನಪಿಗೆ ಎಷ್ಟು ವ್ಯತ್ಯಾಸವಿದೆ ಎಂಬುದೇ ಒಂದು ಫಲಿತಾಂಶ. ಈಗ ಮಾಡಿದರೆ ಈ ನಕ್ಷೆ ಮಾಡಲು ಬರುತ್ತದೆ. ಇಪ್ಪತ್ತು ವರ್ಷ ಬಿಟ್ಟು ಹೋದರೆ ಗೋಡೆಗೆ ಬಣ್ಣ ಬಳಿದಿರುತ್ತಾರೆ, ಹೇಳುವವರೂ ಇರುವುದಿಲ್ಲ.

ಭಾಷಾ ವಿಷಯಕ್ಕೆ ಮಾದರಿ ಉಡುಪಿಯಲ್ಲೇ ಇದೆ. ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತಯಾರಾದ ತುಳು ನಿಘಂಟು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂತು. ಅದರ ಹಿಂದೆ ಊರೂರಿಗೆ ಹೋಗಿ ಮಾತು ಸಂಗ್ರಹಿಸಿದ ವರ್ಷಗಳ ದುಡಿಮೆ ಇದೆ. ಅದರ ಪುಟ್ಟ ರೂಪ ನಿಮಗೂ ಸಾಧ್ಯ. ಗದ್ದೆಯಲ್ಲಿ ಬೈಲು, ಮಜಲು, ಬೆಟ್ಟು. ಬೆಳೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ. ಅಳತೆಯಲ್ಲಿ ಸೇರು, ಕಳಸೆ, ಮುಡಿ. ಅಜ್ಜಿ, ಅಮ್ಮ, ಮಗಳು ಮೂರು ತಲೆಮಾರಿನಲ್ಲಿ ಈ ಪದಗಳಲ್ಲಿ ಎಷ್ಟು ಉಳಿದಿವೆ? 'ಮುಡಿ ಅಂದರೆ ಗೊತ್ತಾ ಅಜ್ಜಿ?' ಎಂದು ಕೇಳಿದರೆ 'ಹೌದು ಮಗಾ' ಎಂದು ಬಿಡುತ್ತಾರೆ. ಚಿತ್ರ ತೋರಿಸಿ 'ಇದಕ್ಕೆ ಏನೆನ್ನುತ್ತೀರಿ?' ಎಂದು ಕೇಳಬೇಕು. ಉತ್ತರವನ್ನು ನಾವೇ ಪ್ರಶ್ನೆಯೊಳಗೆ ಇಟ್ಟುಕೊಟ್ಟರೆ ಸಿಗುವುದು ನಮ್ಮದೇ ಮಾತು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಮನೆಗಳಲ್ಲಿ ಒಂದೇ ಮೀನಿಗೆ ಇರುವ ಹೆಸರುಗಳ ಪಟ್ಟಿಯೂ ಒಳ್ಳೆಯ ಕೆಲಸ.

ಕೇಳಲು ಹೋಗುವಾಗ ಶಾಲೆಯ ಪತ್ರ ಕೈಯಲ್ಲಿರಲಿ. ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ. ಅವರು ಬೇಡ ಎಂದ ಮಾತನ್ನು ಬರೆಯಬೇಡಿ.

ನೋಟ್ ಪುಸ್ತಕ, ವರದಿ, ಅಂಕ

ಪ್ರಾಜೆಕ್ಟಿನ ಜೀವ ಇರುವುದು ನೋಟ್ ಪುಸ್ತಕದಲ್ಲಿ. ದಿನಾಂಕ, ಹೊತ್ತು, ಹವೆ, ಯಾರು ಅಳೆದರು, ಅಂಕಿ ಎಲ್ಲವನ್ನೂ ಅಲ್ಲಲ್ಲೇ ಬರೆಯಬೇಕು. ಮನೆಗೆ ಬಂದು ನೆನಪಿನಿಂದ ಬರೆದದ್ದು ಅಳತೆಯಲ್ಲ. ಪೆನ್ನಿನಲ್ಲಿ ಬರೆಯಿರಿ, ತಪ್ಪಿದರೆ ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಿರಿ. ಶಿಕ್ಷಕರಿಗೆ ನನ್ನ ಒಂದು ಬೇಡಿಕೆ: ಚಾರ್ಟ್ ನೋಡುವ ಮೊದಲು ಈ ಪುಸ್ತಕ ನೋಡಿ. ಮಳೆ ನೀರು ಬಿದ್ದು ಶಾಯಿ ಹರಡಿದ, ಮಣ್ಣಿನ ಬೆರಳಚ್ಚು ಇರುವ ಪುಸ್ತಕಕ್ಕೆ ಹೊಳೆಯುವ ಫೈಲಿಗಿಂತ ಹೆಚ್ಚು ಅಂಕ ಸಲ್ಲಬೇಕು.

ವರದಿ ಆರೇಳು ಪುಟ ಸಾಕು. ಪ್ರಶ್ನೆ ಏನು, ಏಕೆ ಹುಟ್ಟಿತು, ಹೇಗೆ ಅಳೆದೆವು, ಏನು ಸಿಕ್ಕಿತು, ಇದರಿಂದ ಏನು ಹೇಳಬಹುದು, ಏನು ಹೇಳಲಾಗದು. ಕೊನೆಯದನ್ನು ಬರೆಯಲು ಮಕ್ಕಳು ಹೆದರುತ್ತಾರೆ, ಅಂಕ ಹೋದೀತೆಂದು. 'ಐದು ಗಿಡಗಳಲ್ಲಿ ಎರಡು ಸತ್ತವು, ಹಾಗಾಗಿ ಮಣ್ಣಿನ ಬಗ್ಗೆ ಖಚಿತವಾಗಿ ಹೇಳಲಾರೆವು' ಎಂದು ಬರೆದ ಮಗುವಿಗೆ ನಾನಾದರೆ ಪೂರ್ತಿ ಅಂಕ ಕೊಡುತ್ತೇನೆ. ನಿರೀಕ್ಷಿಸಿದ ಉತ್ತರ ಬರಲಿಲ್ಲವೆಂದು ಅಂಕಿ ತಿದ್ದುವುದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬಾರದು. ಅಪ್ಪ ಅಮ್ಮ ಕರೆದುಕೊಂಡು ಹೋಗಲಿ, ಟೇಪಿನ ಇನ್ನೊಂದು ತುದಿ ಹಿಡಿಯಲಿ. ವರದಿಯ ಮಾತು ಮಗುವಿನದೇ ಇರಲಿ, ಕಾಗುಣಿತ ತಪ್ಪಿದ್ದರೂ ಸರಿ.

ಈ ಕೆಲಸವನ್ನು ಶಾಲೆಯ ಹೊರಗೆ ತೋರಿಸಲು ವೇದಿಕೆಗಳಿವೆ. 1993ರಿಂದ ದೇಶದಲ್ಲಿ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ 10ರಿಂದ 17 ವರ್ಷದೊಳಗಿನವರು ಸ್ಥಳೀಯ ಸಮಸ್ಯೆಯೊಂದನ್ನು ಆರಿಸಿ ಅಧ್ಯಯನ ಮಾಡುತ್ತಾರೆ. ನಮ್ಮಲ್ಲಿ ಇದನ್ನು ಬೆಳೆಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಬಾವಿಯ ಉಪ್ಪು, ದಡದ ಮರಳಿನಂಥ ಪ್ರಶ್ನೆಗಳಿಗೆ ಅದು ಸರಿಯಾದ ಜಾಗ. ಹೊಸ ಸಾಧನದ ಆಲೋಚನೆ ಇದ್ದರೆ ಶಾಲೆಯ ಮೂಲಕ ಇನ್‌ಸ್ಪೈರ್ ಮಾನಕ್ ಯೋಜನೆಗೆ ಕಳಿಸಬಹುದು, ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಎಸ್‌ಎಸ್‌ಎಲ್‌ಸಿಯವರಿಗೆ 20 ಅಂಕದ ಆಂತರಿಕ ಮೌಲ್ಯಮಾಪನ ಇದ್ದೇ ಇದೆ.

ಯಾವುದನ್ನು ಯಾವಾಗ ಶುರು ಮಾಡಬೇಕೆಂಬ ಲೆಕ್ಕವನ್ನು ಜೂನ್‌ನಲ್ಲೇ ಹಾಕಿಕೊಳ್ಳಿ. ಮಳೆಯ ಡಬ್ಬಿ ಶಾಲೆ ತೆರೆದ ವಾರವೇ ಅಂಗಳಕ್ಕೆ ಬರಬೇಕು. ಮಳೆಗಾಲದ ರಜೆ ಸಿಕ್ಕ ದಿನಗಳು ಅಜ್ಜ ಅಜ್ಜಿಯರ ಮಾತು ಬರೆದುಕೊಳ್ಳಲು ಒಳ್ಳೆಯವು. ಗುಳ್ಳದ ಬೀಜವನ್ನು ಸೆಪ್ಟೆಂಬರಿನಲ್ಲೇ ಮಡಿಗೆ ಹಾಕಿ. ಸುಮಾರು ಒಂದು ತಿಂಗಳಿಗೆ ಸಸಿ ಬಕೆಟಿಗೆ ಹೋಗುತ್ತದೆ, ಕಾಯಿ ತೂಗುವ ಹೊತ್ತಿಗೆ ಡಿಸೆಂಬರ್ ಕೊನೆ. ದಡದ ಅಳತೆ ಅಕ್ಟೋಬರಿಗೆ, ಬಾವಿಯದು ಡಿಸೆಂಬರಿಗೆ. ವರದಿಯನ್ನು ಫೆಬ್ರವರಿ ಮೊದಲ ವಾರಕ್ಕೆ ಮುಗಿಸಿಬಿಡಿ. ಬಾವಿ ಆರಿಸಿದವರು ಮಾತ್ರ ಪರೀಕ್ಷೆ ಮುಗಿದ ಮೇಲೂ ಮೀಟರ್ ಹಿಡಿದು ಮೇ ಕೊನೆಯವರೆಗೆ ಹೋಗಿ ಅಳೆಯಬೇಕು, ಉಪ್ಪು ಹೆಚ್ಚುವ ಕಾಲ ಅದೇ. ಆ ಅಂಕಿಗಳು ಮುಂದಿನ ತರಗತಿಯವರು ಹೊಸ ಪ್ರಾಜೆಕ್ಟ್ ಶುರು ಮಾಡಲು ಬೇಕಾಗುತ್ತವೆ.